ಬ್ಯಾಟರಿಯಲ್ಲಿ ಆಂಪ್ಲಿಫೈಯರ್: ಡ್ರಮ್ ಬಂದಾಗಲೆಲ್ಲ ಸದ್ದು ಕಟ್ ಆಗುತ್ತಿದೆ

ಪ್ರಶ್ನೆ:
ಬಯಲಲ್ಲಿ ಹಾಡು ಕೇಳಲು ಚಿಕ್ಕ ಸ್ಟೀರಿಯೋ ಆಂಪ್ಲಿಫೈಯರ್ ಜೋಡಿಸಿದ್ದೇನೆ. ಟಿಪಿಎ3116 ಅನ್ನುವ ಆಂಪ್ಲಿಫೈಯರ್ ಚಿಪ್ಪಿನ ಬೋರ್ಡು, 4 ಓಮ್ ಸ್ಪೀಕರ್ ಎರಡು, ಎಂಟು ಪೆನ್ ಸೆಲ್. ಮೆಲ್ಲಗೆ ಇಟ್ಟರೆ ಚೆನ್ನಾಗಿ ಹಾಡುತ್ತದೆ. ಸ್ವಲ್ಪ ಜೋರು ಮಾಡಿದರೆ ಸಾಕು, ಡ್ರಮ್ ಏಟಿಗೊಮ್ಮೆ ಎಲ್‌ಇಡಿ ಮಂಕಾಗುತ್ತದೆ, ಸದ್ದು ಒಡೆಯುತ್ತದೆ, ಒಮ್ಮೊಮ್ಮೆ ಟಪ್ ಅಂತ ನಿಂತೇಬಿಡುತ್ತದೆ. ಮೀಟರಿನಲ್ಲಿ 12.4 ವೋಲ್ಟ್ ಇದೆ. ಬೋರ್ಡ್ ಹೋಯಿತಾ? ಪವರ್ ಬ್ಯಾಂಕ್ ಹಾಕಬಹುದಾ?

ಉತ್ತರ 1:
ಬೋರ್ಡ್ ಸರಿಯಾಗೇ ಇದೆ. ಸುಮ್ನೆ ಇದ್ದಾಗ ಅಳೆದ ವೋಲ್ಟೇಜ್ ನಂಬಬೇಡಿ, ಜೋರಾಗಿ ಹಾಡುವಾಗ ಅಳೆಯಿರಿ. ಪೆನ್ ಸೆಲ್ ಒಂದರ ಒಳಗೇ ಸುಮಾರು 0.2 ಓಮ್ ತಡೆ ಇರುತ್ತದೆ. ಎಂಟಕ್ಕೆ 1.6 ಆಯಿತು, ಹೋಲ್ಡರಿನ ಸ್ಪ್ರಿಂಗುಗಳದ್ದು ಬೇರೆ. 2 ಆಂಪ್ ಎಳೆದ ಕೂಡಲೇ 3 ವೋಲ್ಟಿಗಿಂತ ಜಾಸ್ತಿ ಅಲ್ಲೇ ಮಾಯ. ನಿಮಗೆ ಬೇಕಾಗಿರುವುದು ವೋಲ್ಟ್ ಅಲ್ಲ, ಕುಸಿಯದೆ ಕರೆಂಟ್ ಕೊಡುವ ಬ್ಯಾಟರಿ. ನಾನಾದರೆ 12.8 ವೋಲ್ಟ್, 6 ಆಂಪ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಕೊಳ್ಳುತ್ತೇನೆ, ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಇರುವಂಥದ್ದು. ಲೆಡ್ ಆಸಿಡ್ ಕೂಡ ನಡೆಯುತ್ತದೆ, ಆದರೆ 7 ಆಂಪ್ ಅವರಿನದು ಎರಡು ಕೆಜಿಗೂ ಜಾಸ್ತಿ ತೂಗುತ್ತದೆ, ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. 12 ವೋಲ್ಟಿಗೆ 4 ಓಮಿನಲ್ಲಿ ಒಂದೊಂದು ಕಡೆ ಹೆಚ್ಚೆಂದರೆ 18 ವ್ಯಾಟ್ ಬರುತ್ತದೆ, ಆದರೆ ಅದು ಏಟು ಬಿದ್ದ ಕ್ಷಣಕ್ಕೆ ಮಾತ್ರ. ಹಾಡಿನ ಸರಾಸರಿ ಅದರ ಹತ್ತನೇ ಒಂದು ಭಾಗದ ಸುತ್ತಮುತ್ತ ಇರುತ್ತದೆ, ಹಾಗಾಗಿ ಪ್ಯಾಕ್ ಇಡೀ ದಿನ ಆರಾಮಾಗಿ ಬಾಳುತ್ತದೆ.

ಉತ್ತರ 2:
ಪವರ್ ಬ್ಯಾಂಕ್ ವಿಷಯ: ಮಾಮೂಲಿ 5 ವೋಲ್ಟಿನದು ಸಾಲುವುದಿಲ್ಲ. ಪಿಡಿ (ಯುಎಸ್‌ಬಿಯಲ್ಲೇ ಹೆಚ್ಚು ವೋಲ್ಟ್ ಕೊಡುವ ವ್ಯವಸ್ಥೆ) ಇರುವ ಪವರ್ ಬ್ಯಾಂಕಿಗೆ ಟ್ರಿಗರ್ ಬೋರ್ಡ್ (ಬೇಕಾದ ವೋಲ್ಟ್ ಕೇಳುವ ಚಿಕ್ಕ ಬೋರ್ಡ್) ಹಾಕಿ 15 ವೋಲ್ಟ್ ಕೇಳಬಹುದು, ಆದರೆ 15 ಆಗಲಿ 12 ಆಗಲಿ ಎಲ್ಲದರಲ್ಲೂ ಸಿಗುವುದಿಲ್ಲ. ಒಂದೇ ತೊಂದರೆ, ಮೆಲ್ಲಗೆ ಹಾಡುವಾಗ ಎಳೆತ ಕಡಿಮೆ ಅಂತ ಕೆಲವು ತಾವಾಗೇ ಆಫ್ ಆಗಿಬಿಡುತ್ತವೆ.

ಉತ್ತರ 3:
ದಯವಿಟ್ಟು ಫ್ಯೂಸ್ ಮರೆಯಬೇಡಿ! ನನ್ನ ಬ್ಯಾಗಿನಲ್ಲಿ ವೈರಿನ ಸಿಪ್ಪೆ ಜಿಪ್ಪಿಗೆ ಉಜ್ಜಿ ಉಜ್ಜಿ ಸವೆದು ಶಾರ್ಟ್ ಆಯಿತು. ಕೆಂಪು ವೈರ್ ಬೆಣ್ಣೆಯ ಹಾಗೆ ಕರಗಿ ಬಟ್ಟೆಗೆ ಅಂಟಿತ್ತು, ಕಿತ್ತು ಎಸೆಯುವಷ್ಟರಲ್ಲಿ ಬೆರಳು ಸುಟ್ಟಿತು. 5 ಆಂಪ್ ಫ್ಯೂಸ್ ಹಾಕಿ, ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ, ಆಂಪ್ಲಿಫೈಯರ್ ಹತ್ತಿರ ಅಲ್ಲ. ಇನ್ನೊಂದು, ಈ ಚಿಪ್ಪಿನಲ್ಲಿ ಎರಡು ಸ್ಪೀಕರಿನ ಮೈನಸ್ ವೈರುಗಳನ್ನು ಒಟ್ಟಿಗೆ ಸೇರಿಸಲೇಬಾರದು, ಗ್ರೌಂಡಿಗೂ ಕೊಡಬಾರದು. ಅದೇ ಬ್ಯಾಟರಿಯಿಂದ ಫೋನ್ ಚಾರ್ಜ್ ಮಾಡುತ್ತಾ ಹಾಡು ಹಾಕಿದರೆ ಕುಯ್ಯ್ ಅಂತ ಸದ್ದು ಬರಬಹುದು, ಆಗ ಚಾರ್ಜರ್ ಕಿತ್ತು ನೋಡಿ.

ಪ್ರಶ್ನೆ ಕೇಳಿದವರು:
ಈಗ ಹಾಡುವಾಗಲೇ ಅಳೆದೆ. ಏಟು ಬಿದ್ದಾಗ 7.9ಕ್ಕೆ ಇಳಿಯುತ್ತಿದೆ! ಪ್ಯಾಕಿನ ಜೊತೆಗೇ ಫ್ಯೂಸ್ ಹೋಲ್ಡರೂ ತರುತ್ತೇನೆ.