ಆರ್ದ್ರಾ ನಕ್ಷತ್ರದ ಸುತ್ತ ದೂಳು ಎಲ್ಲಿಂದ ಬಂತು?

ಪ್ರಶ್ನೆ:
ಆರ್ದ್ರಾ ಮಳೆಯ ಹೆಸರು ಬಾಲ್ಯದಿಂದ ಗೊತ್ತು, ನಕ್ಷತ್ರವನ್ನು ಗುರುತಿಸಲು ಕಲಿತದ್ದು ಈಚೆಗೆ. 2020ರ ಫೆಬ್ರವರಿಯಲ್ಲಿ ತಾರಸಿ ಮೇಲೆ ನಿಂತು ನೋಡಿದರೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಒಂದು ಭುಜವಾದ ಅದು ಇನ್ನೊಂದು ಭುಜದ ನಕ್ಷತ್ರದಷ್ಟೇ ಮಂಕಾಗಿತ್ತು. ದೂಳು ಅಡ್ಡ ಬಂದಿತ್ತೆಂದು ಆಮೇಲೆ ಓದಿದೆ. ಮೂರು ಸಾವಿರ ಡಿಗ್ರಿಗೂ ಮೀರಿ ಕಾದಿರುವ ನಕ್ಷತ್ರದ ಬಳಿ ದೂಳು ಹುಟ್ಟುವುದು ಹೇಗೆ?

ಉತ್ತರ 1:
ನಕ್ಷತ್ರ ಹೊರಹಾಕಿದ್ದು ಅನಿಲವನ್ನು. 2019ರ ಕೊನೆಯ ತಿಂಗಳುಗಳಲ್ಲಿ ಹಬಲ್ ದೂರದರ್ಶಕ ಅದನ್ನು ಕಂಡಿತ್ತು. ದೂರ ಸರಿದು ತಣಿದ ಮೇಲೆ ಅದೇ ದೂಳಾಯಿತು.

ಉತ್ತರ 2:
ನಮ್ಮ ಅಜ್ಜಿ ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದರು. ಪೂರ್ತಿ ಸುಡದ ಇಂಗಾಲ ತಟ್ಟೆಗೆ ತಾಗಿ ತಣಿದು ಕಪ್ಪಗೆ ಕೂರುತ್ತಿತ್ತು. ಬೆಳಿಗ್ಗೆ ಅದನ್ನು ಬೆರಳಿನಿಂದ ಬಳಿದು ತೆಗೆಯುವ ಕೆಲಸ ನನ್ನದು. ಮಘಾ ನಕ್ಷತ್ರದ ಪಕ್ಕದಲ್ಲಿರುವ ಸಿ.ಡಬ್ಲ್ಯೂ. ಲಿಯೋನಿಸ್ ಎಂಬ ಮುದಿ ನಕ್ಷತ್ರ ಹೀಗೆಯೇ ಮಸಿ ಕಟ್ಟುತ್ತದೆ. ಅದು ಹಿಗ್ಗಿ ಕುಗ್ಗುವಾಗ ಹೊರಪದರದ ಅನಿಲ ಮೇಲೇಳುತ್ತದೆ. ಶಾಖ ಸಾವಿರ ಡಿಗ್ರಿಯ ಆಸುಪಾಸಿಗೆ ಇಳಿದಲ್ಲಿ ಕಣಗಳು ಮೂಡುತ್ತವೆ. ನಕ್ಷತ್ರದ ಬೆಳಕೇ ಅವನ್ನು ಹೊರಗೆ ತಳ್ಳುತ್ತದೆ, ಅವು ಅನಿಲವನ್ನೂ ಎಳೆದುಕೊಂಡು ಸೆಕೆಂಡಿಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ತನ್ನದೇ ಮಸಿಯಲ್ಲಿ ಮುಳುಗಿರುವುದರಿಂದ ಆ ನಕ್ಷತ್ರ ಬರಿಗಣ್ಣಿಗೆ ಕಾಣದು, ಇನ್‌ಫ್ರಾರೆಡ್‌ನಲ್ಲಿ ಮಾತ್ರ ಜ್ವಲಿಸುತ್ತದೆ. ಮಘೆಯನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಪಕ್ಕದ ಕತ್ತಲೆಗೇ ಹೋಗುತ್ತದೆ.

ಆರ್ದ್ರೆಯ ದೂಳು ಮಸಿಯಲ್ಲ. ಇಂಗಾಲವೂ ಆಮ್ಲಜನಕವೂ ಮೊದಲು ಜೋಡಿಯಾಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತವೆ. ಮಿಕ್ಕದ್ದು ಯಾವುದೋ, ದೂಳು ಅದರದು. ಆರ್ದ್ರೆಯಲ್ಲಿ ಮಿಗುವುದು ಆಮ್ಲಜನಕ. ಆದ್ದರಿಂದ ಅಲ್ಲಿ ಹುಟ್ಟುವುದು ಸಿಲಿಕೇಟ್, ನಮ್ಮ ಕಲ್ಲು ಮಣ್ಣಿನ ಜಾತಿಯದು.

ಪ್ರಶ್ನೆ ಕೇಳಿದವರು:
ಕಾಡಿಗೆಯ ಮಾತಿನಿಂದ ತಟ್ಟನೆ ಹೊಳೆಯಿತು, ವಂದನೆಗಳು. ಅಂಥ ದೂಳು ಭೂಮಿಯಲ್ಲಿ ಯಾರ ಕೈಗಾದರೂ ಸಿಕ್ಕಿದೆಯೇ?

ಉತ್ತರ 2:
ಸಿಕ್ಕಿದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಉಲ್ಕಾಶಿಲೆ ಬಿತ್ತು. ಅದರ ಚೂರನ್ನು ಪುಡಿ ಮಾಡಿ ಆಮ್ಲದಲ್ಲಿ ನೆನೆಸಿದರೆ ಉಳಿದೆಲ್ಲ ಕರಗಿ, ಸಿಲಿಕಾನ್ ಕಾರ್ಬೈಡಿನ ಸೂಕ್ಷ್ಮ ಕಣಗಳು ಉಳಿಯುತ್ತವೆ. ಸಾಣೆ ಹಿಡಿಯುವ ಕಲ್ಲಿನಲ್ಲಿ ಬಳಸುವ ವಸ್ತುವೇ ಅದು. ಆ ಕಣಗಳಲ್ಲಿ ಹೆಚ್ಚಿನವು ಇಂಗಾಲ ತುಂಬಿದ ಮುದಿ ನಕ್ಷತ್ರಗಳಲ್ಲಿ, ಸೂರ್ಯ ಹುಟ್ಟುವ ಮೊದಲೇ ಮೂಡಿದವು.