ಎಲ್ಲ ನಿಯಮಗಳಿಗೂ ಲಾಗ್ ಬೇಕೇ?

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ್ದು) “ಫೈರ್‌ವಾಲ್‌ನ ಪ್ರತಿಯೊಂದು ನಿಯಮಕ್ಕೂ ‘ಲಾಗ್ ಆಲ್’ ಸೇರಿಸಿ, ಲಾಗ್ ಕಡತವನ್ನು ದಿನವೂ ಎಡಿಟರ್‌ನಲ್ಲಿ ತೆರೆದು ಓದಿ.” ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ನನ್ನ ಯಂತ್ರದಲ್ಲಿ ಇವತ್ತೇ ಹೀಗೆ ಮಾಡುವವನಿದ್ದೇನೆ.

ಅಕ್ಕ: ಚಿಕ್ಕಪ್ಪ, ಅವಸರ ಮಾಡಬೇಡಿ. ಇದನ್ನು ಬರೆದವರು ಓಪನ್‌ಬಿಎಸ್‌ಡಿಯ ಫೈರ್‌ವಾಲ್ ಆದ ಪಿಎಫ್‌ನ ಲಾಗನ್ನು (ದಾಖಲೆಯನ್ನು) ಒಮ್ಮೆಯೂ ತೆರೆದು ನೋಡಿದಂತಿಲ್ಲ. ಪಿಎಫ್‌ಲಾಗ್0 ಎಂಬ ಇಂಟರ್‌ಫೇಸ್‌ಗೆ ಬರುವ ಪ್ಯಾಕೆಟ್‌ಗಳನ್ನು (ಜಾಲದಲ್ಲಿ ಸಾಗುವ ದತ್ತಾಂಶದ ತುಣುಕುಗಳನ್ನು) ಪಿಎಫ್‌ಲಾಗ್‌ಡಿ ಎಂಬ ಪ್ರೋಗ್ರಾಂ ಬೈನರಿ ರೂಪದಲ್ಲಿ ಬರೆದಿಡುವುದರಿಂದ, ಎಡಿಟರ್‌ನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳಷ್ಟೇ. ಅದನ್ನು ಟಿಸಿಪಿಡಂಪ್‌ನಂಥ ಉಪಕರಣದಿಂದ ಓದಬೇಕು. ಬರೀ ‘ಲಾಗ್’ ಎಂದರೆ ಸ್ಟೇಟ್ (ಒಂದು ಸಂಪರ್ಕದ ಬಗ್ಗೆ ಪಿಎಫ್ ನೆನಪಿಟ್ಟುಕೊಳ್ಳುವ ವಿವರ) ಹುಟ್ಟಿಸಿದ ಮೊದಲ ಪ್ಯಾಕೆಟ್ ಮಾತ್ರ ದಾಖಲಾಗುತ್ತದೆ, ‘ಆಲ್’ ಸೇರಿಸಿದರೆ ಆ ಸಂಪರ್ಕದ ಎಲ್ಲ ಪ್ಯಾಕೆಟ್‌ಗಳೂ ದಾಖಲಾಗುತ್ತವೆ. 1 ಗಿಗಾಬೈಟ್‌ನ ಒಂದು ಡೌನ್‌ಲೋಡ್‌ಗೇ ಸುಮಾರು 7 ಲಕ್ಷ ಪ್ಯಾಕೆಟ್‌ಗಳಾಗುತ್ತವೆ.

ಚಿಕ್ಕಪ್ಪ: ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿದೆ. ಯಾರಾದರೂ ಒಳನುಗ್ಗಿದ ಮೇಲೆ, ಬರೆದಿಡದ ಪ್ಯಾಕೆಟನ್ನು ಎಲ್ಲಿಂದ ಹುಡುಕಿ ತರುತ್ತೀಯಮ್ಮ?

ಅಕ್ಕ: ಆ ಮಾತು ಒಪ್ಪತಕ್ಕದ್ದೇ. ಆದರೆ ಪಿಎಫ್‌ಲಾಗ್‌ಡಿ ನಾವಾಗಿ ಹೇಳದಿದ್ದರೆ ಪ್ರತಿ ಪ್ಯಾಕೆಟ್‌ನ ಮೊದಲ 160 ಬೈಟ್‌ಗಳನ್ನಷ್ಟೇ ಉಳಿಸುತ್ತದೆ. ಕಳ್ಳ ಏನನ್ನು ಹೊತ್ತೊಯ್ದ ಎಂಬುದು ಅಷ್ಟರಲ್ಲಿ ಸಿಗುವುದಿಲ್ಲ. ಸಂಪರ್ಕ ಎಷ್ಟು ಹೊತ್ತು ನಡೆಯಿತು, ಎಷ್ಟು ಬೈಟ್ ಹೋಯಿತು ಎಂದು ತಿಳಿಯಬೇಕಿದ್ದರೆ ಪಿಫ್ಲೋ ಇದೆ. ಸ್ಟೇಟ್ ಮುಗಿದಾಗ ಅದರ ಲೆಕ್ಕವನ್ನು ನೆಟ್‌ಫ್ಲೋ ಎಂಬ, ಸಂಪರ್ಕಗಳ ಲೆಕ್ಕ ತಿಳಿಸುವ ರೂಪದಲ್ಲಿ ಕಳಿಸುತ್ತದೆ.

ನಾನು: ಚಿಕ್ಕಪ್ಪ, ಸದ್ಯ ನೀವು ಯಾವುದನ್ನು ಲಾಗ್ ಮಾಡುತ್ತಿದ್ದೀರಿ?

ಚಿಕ್ಕಪ್ಪ: ಹೊರಗಿನಿಂದ ಬಂದು ತಡೆಗೊಳಗಾದದ್ದನ್ನೆಲ್ಲ.

ನಾನು: ಅದು ಹೆಚ್ಚುಕಡಿಮೆ ಬರೀ ಗದ್ದಲ. ಅಂತರ್ಜಾಲಕ್ಕೆ ತೆರೆದುಕೊಂಡ ಯಾವ ವಿಳಾಸವನ್ನಾದರೂ ತೆರೆದ ಪೋರ್ಟ್‌ಗಳನ್ನು ಹುಡುಕುವ ಸ್ಕ್ಯಾನರ್ ಪ್ರೋಗ್ರಾಂಗಳು ತಟ್ಟುತ್ತಲೇ ಇರುತ್ತವೆ, ಅವು ತಡೆಗೊಳಗಾದವು ಎಂದರೆ ನಿಯಮ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ಒಳಗಿನ ಪ್ರಿಂಟರ್ ನಡುರಾತ್ರಿ ಎಲ್ಲೋ ದೂರದ 25ನೇ ಪೋರ್ಟಿಗೆ (ಇಮೇಲ್ ಸಾಗಿಸುವ ಪೋರ್ಟಿಗೆ) ಹೋಗಲು ನೋಡಿ ತಡೆಗೊಳಗಾದರೆ, ಆ ಒಂದೇ ಸಾಲು ನನ್ನನ್ನು ಹಾಸಿಗೆಯಿಂದ ಎಬ್ಬಿಸಬೇಕು.

ಅಕ್ಕ: ಹೌದು. ಟಿಸಿಪಿಡಂಪ್‌ಗೆ ‘ಇ’ ಆಯ್ಕೆ ಕೊಟ್ಟರೆ ಯಾವ ನಿಯಮದ ಸಂಖ್ಯೆ ಅದನ್ನು ತಡೆಯಿತು ಎಂಬುದೂ ಕಾಣುತ್ತದೆ.

ಚಿಕ್ಕಪ್ಪ: ಇಲ್ಲಿ ನೀನು ಎಡವಿದೆ. ಆ ಸಂಖ್ಯೆ ಅಂದಿನ ನಿಯಮಾವಳಿಯದು. ನಡುವೆ ಒಂದು ನಿಯಮ ಸೇರಿಸಿ ಮರುಲೋಡ್ ಮಾಡಿದರೆ ಕೆಳಗಿನವೆಲ್ಲ ಸರಿದುಹೋಗುತ್ತವೆ. ಹಳೆಯ ಲಾಗ್‌ನ 12, ಇಂದಿನ 12 ಅಲ್ಲ. ಈ ಒಂದು ಕಾರಣಕ್ಕೆ ನಾನು ಅರ್ಧ ದಿನ ತಪ್ಪು ನಿಯಮವನ್ನು ದೂರುತ್ತಾ ಕುಳಿತಿದ್ದೆ.

ಅಕ್ಕ: ಒಪ್ಪಿದೆ, ಚಿಕ್ಕಪ್ಪ. ಹಾಗಾದರೆ ಪ್ರತಿ ಬದಲಾವಣೆಗೂ ಪಿಎಫ್‌ನ ಸಂರಚನಾ ಕಡತದ ಒಂದು ಪ್ರತಿಯನ್ನು ದಿನಾಂಕ ಹಾಕಿ ಇಡಬೇಕು.

ಚಿಕ್ಕಪ್ಪ: ಇಡುತ್ತೇನೆ. ಎಲ್ಲ ನಿಯಮಗಳಿಗೂ ‘ಆಲ್’ ಸೇರಿಸುವುದಿಲ್ಲ, ಹೊರಹೋಗುವ ತಡೆಗಳಿಗೆ ಲಾಗ್ ಹಾಕುತ್ತೇನೆ. ಡಿಎನ್‌ಎಸ್‌ಗೆ (ಜಾಲತಾಣದ ಹೆಸರಿಗೆ ಐಪಿ ವಿಳಾಸ ತಿಳಿಸುವ ಸೇವೆಗೆ) ಮಾತ್ರ ‘ಆಲ್’ ಇರಲಿ, ಉತ್ತರಗಳೂ ನನಗೆ ಬೇಕು.

ಅಕ್ಕ: ಉದ್ದನೆಯ ಉತ್ತರಗಳು 160 ಬೈಟ್‌ಗೆ ತುಂಡಾಗುತ್ತವೆ, ಚಿಕ್ಕಪ್ಪ. ಮೊದಲು ಆ ಮಿತಿಯನ್ನು ಹೆಚ್ಚಿಸಿಕೊಳ್ಳಿ.