ಹೃದ್ರೋಗಿಗೆ ವಿಡಿಯೊ ಕಾಲ್ ಡಾಕ್ಟರ್: ನಿಜಕ್ಕೂ ದುಡ್ಡು ಉಳಿಯುತ್ತಾ?

ಪ್ರಶ್ನೆ (ಜಗಳೂರು ತಾಲ್ಲೂಕು): ನಮಸ್ಕಾರ ಡಾಕ್ಟ್ರೇ. ನಮ್ಮ ಅಪ್ಪಾಜಿಗೆ 63 ವರ್ಷ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಬೆಂಗಳೂರಲ್ಲಿ ಸ್ಟೆಂಟ್ ಹಾಕಿಸಿದ್ವಿ. ಎಕೋದಲ್ಲಿ ಪಂಪಿಂಗ್ 35 ಪರ್ಸೆಂಟ್ ಅಂತ ಬಂದಿದೆ. ಎರಡು ತಿಂಗಳಿಗೊಮ್ಮೆ ತೋರಿಸ್ಕೊಂಡು ಬರೋಕೆ ಕಾರ್ ಬಾಡಿಗೆ, ಊಟ, ಫೀಸು ಸೇರಿ 9,000 ಆಗುತ್ತೆ. ಈರುಳ್ಳಿ ಕೀಳೋ ಟೈಮಲ್ಲಿ ಹೊಲದ ಕೆಲಸಾನೂ ನಿಲ್ಲುತ್ತೆ. ಈಗ ಒಂದು ಕಂಪನಿಯವರು ತಿಂಗಳಿಗೆ 3,000 ಕಟ್ಟಿ, ಮನೆಗೇ ಮಷೀನ್ ಕೊಡ್ತೀವಿ, ಬಿಪಿ, ಇಸಿಜಿ ಎಲ್ಲಾ ಮೊಬೈಲಲ್ಲೇ ಬರುತ್ತೆ ಅಂತಿದಾರೆ. ತಗೊಳ್ಳೋದಾ?

ಉತ್ತರ (ವೈದ್ಯರು, ದಾವಣಗೆರೆ): ಮೊದಲು ಲೆಕ್ಕ ಹಾಕೋಣ. ಈಗ ನಿಮಗೆ ವರ್ಷಕ್ಕೆ 54,000 ಖರ್ಚು. ಪ್ಯಾಕೇಜ್ ತಗೊಂಡರೆ 36,000. ಆದರೆ ಪಂಪಿಂಗ್ (ಹೃದಯ ರಕ್ತವನ್ನು ಹೊರದೂಡುವ ಶಕ್ತಿ) 35ಕ್ಕೆ ಇಳಿದವರನ್ನು ವರ್ಷಕ್ಕೆ ಎರಡು ಸಲವಾದರೂ ಎದುರಿಗೆ ಕೂರಿಸಿ ನೋಡಲೇಬೇಕು, ಅದಕ್ಕೆ 18,000. ಕೂಡಿದರೆ ಮತ್ತೆ ಅದೇ 54,000.

ಪ್ಯಾಕೇಜ್ ಇಲ್ಲದೆ ಮಾಡಿ. ಎರಡು ಸಲ ನೇರ ಹೋಗಿ, ಉಳಿದ ನಾಲ್ಕು ಸಲ ನಿಮ್ಮ ಅದೇ ಹೃದಯತಜ್ಞರ ಹತ್ತಿರ ವಿಡಿಯೊದಲ್ಲಿ ಮಾತಾಡಿ. ಕಿಡ್ನಿ ಮತ್ತು ರಕ್ತದ ಲವಣ ನೋಡುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ಜಗಳೂರಲ್ಲೋ ದಾವಣಗೆರೆಯಲ್ಲೋ ಮಾಡಿಸಿ ರಿಪೋರ್ಟ್ ಕಳಿಸಿ. ಇದಕ್ಕೆ 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಫೋನ್, ವಿಡಿಯೊ ಮೂಲಕ ಚಿಕಿತ್ಸೆ) ಮಾರ್ಗಸೂಚಿಯಲ್ಲೇ ಅವಕಾಶವಿದೆ. 'ಇಲ್ಲ, ನೀವು ಬರಲೇಬೇಕು' ಅಂತ ವೈದ್ಯರು ಹೇಳಿದರೆ ಮಾತ್ರ ಹೋಗಲೇಬೇಕು.

ಮನೆಗೆ ಒಂದು ತೂಕದ ಯಂತ್ರ, ತೋಳಿಗೆ ಕಟ್ಟುವ ಬಿಪಿ ಮಷೀನ್ ಸಾಕು. ಪಂಪಿಂಗ್ ಕಮ್ಮಿ ಇರುವವರಿಗೆ ಕಾಲು ಊದುವ ಮುಂಚೆ, ದಮ್ಮು ಹತ್ತುವ ಮುಂಚೆ ಮೈಯಲ್ಲಿ ನೀರು ತುಂಬುತ್ತೆ. ಅದು ಮೊದಲು ಕಾಣೋದು ತೂಕದಲ್ಲಿ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ, ಒಂದೇ ತರದ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರ್ ಮೇಲೇ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅವತ್ತೇ ಫೋನ್ ಮಾಡಿ. ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆ) ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಎಷ್ಟೋ ಸಲ ಐಸಿಯು ಬಿಲ್ಲೇ ತಪ್ಪುತ್ತೆ. ದೊಡ್ಡ ಉಳಿತಾಯ ಇರೋದು ಅಲ್ಲಿ, ಕಾರ್ ಬಾಡಿಗೆಯಲ್ಲಲ್ಲ.

ಪ್ರಶ್ನೆ (ಚಳ್ಳಕೆರೆ): ಸರ್, ಹಾಗಾದ್ರೆ ಈ ಮಷೀನ್‌ಗಳೆಲ್ಲ ದಂಡವೇ?

ಉತ್ತರ: ದಂಡ ಅನ್ನಲ್ಲ. ಆ ಕಡೆ ಅಂಕಿ ನೋಡೋಕೆ ಯಾರಿದ್ದಾರೆ ಅನ್ನೋದನ್ನು ಕೇಳಿ. 2018ರಲ್ಲಿ ಜರ್ಮನಿಯ ಒಂದು ದೊಡ್ಡ ಅಧ್ಯಯನ ಬಂತು, 1,500ಕ್ಕೂ ಹೆಚ್ಚು ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ರೋಗಿಗಳ ಮೇಲೆ. ತೂಕ, ಬಿಪಿ, ಇಸಿಜಿ ದಿನಾ ಒಂದು ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿ 24 ಗಂಟೆಯೂ ಡಾಕ್ಟರು, ನರ್ಸುಗಳು ಇದ್ದರು. ಸಾವು ವರ್ಷಕ್ಕೆ ನೂರಕ್ಕೆ 11ರಿಂದ 8ರ ಹತ್ತಿರಕ್ಕೆ ಇಳಿಯಿತು. ಅದಕ್ಕೂ ಮುಂಚೆ, 2010ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ರೋಗಿಗಳೇ ಫೋನ್ ಮಾಡಿ, ರೆಕಾರ್ಡೆಡ್ ದನಿ ಕೇಳಿದ್ದಕ್ಕೆ ಫೋನಿನ ಬಟನ್ ಒತ್ತಿ ತಮ್ಮ ತೂಕ ತಿಳಿಸಬೇಕಿತ್ತು. ಕೊನೆಕೊನೆಗೆ ವಾರಕ್ಕೆ ಮೂರು ಸಲವಾದರೂ ಫೋನ್ ಮಾಡುತ್ತಿದ್ದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಮಾತ್ರ. ಸಾವಿನಲ್ಲೂ, ಮತ್ತೆ ಅಡ್ಮಿಟ್ ಆಗೋದರಲ್ಲೂ ವ್ಯತ್ಯಾಸವೇ ಬರಲಿಲ್ಲ.

ಅದಕ್ಕೇ ಕಂಪನಿಯವರನ್ನು ಇಷ್ಟು ಕೇಳಿ: ರಾತ್ರಿ ಎರಡು ಗಂಟೆಗೆ ಇಸಿಜಿ ಕೆಟ್ಟರೆ ಯಾರು ನೋಡ್ತಾರೆ, ಯಾರು ಫೋನ್ ಮಾಡ್ತಾರೆ? ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.

ಪ್ರಶ್ನೆ (ಹೊಸದುರ್ಗ): ನಮ್ಮ ಅಕ್ಕನಿಗೆ ವಾಲ್ವ್ ಹಾಕಿದೆ, ವಾರ್ಫರಿನ್ ನುಂಗ್ತಾರೆ. ಅವರಿಗೆ ಫೋನಲ್ಲೇ ಆಗುತ್ತಾ?

ಉತ್ತರ: ಚೆನ್ನಾಗಿ ಆಗುತ್ತೆ. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ; ಅದರ ಡೋಸ್ ಸರಿಯಿದೆಯಾ ಅಂತ ತೋರಿಸುವ ಐಎನ್‌ಆರ್ ರಕ್ತಪರೀಕ್ಷೆಯನ್ನು ಊರ ಹತ್ತಿರದ ಲ್ಯಾಬಲ್ಲಿ ಮಾಡಿಸಿ, ಫೋಟೋ ಕಳಿಸಿ, ಡೋಸ್ ಫೋನಲ್ಲೇ ಕೇಳಿ. ಒಂದು ಅಂಕಿಗೋಸ್ಕರ ಬಸ್ ಹತ್ತೋದು ಬೇಕಿಲ್ಲ. ರಕ್ತಸ್ರಾವ ಆದರೆ ತಕ್ಷಣ ಆಸ್ಪತ್ರೆ.

ಪ್ರಶ್ನೆ (ಜಗಳೂರು ತಾಲ್ಲೂಕು): ಅಪ್ಪಾಜಿಗೆ ಮತ್ತೆ ಎದೆನೋವು ಬಂದ್ರೆ ಮೊದಲು ವಿಡಿಯೊ ಕಾಲ್ ಮಾಡಬೇಕಾ ಸರ್?

ಉತ್ತರ: ಬೇಡ. 108ಕ್ಕೆ ಫೋನ್ ಮಾಡಿ, ಇಲ್ಲಾ ಸಿಕ್ಕ ಗಾಡಿಯಲ್ಲಿ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿ ಕೂರಬೇಡಿ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ಅಲ್ಲಿಂದಲೇ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಟೆಲಿಮೆಡಿಸಿನ್‌ಗೆ ಹಾಕುವ ಒಂದೊಂದು ರೂಪಾಯಿಗೂ ಅತಿ ಹೆಚ್ಚು ಜೀವ ಉಳಿಯೋದು ಇಲ್ಲೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ವ್ಯವಸ್ಥೆ ಇದೆ ಅಂತ ಈ ವಾರವೇ ವಿಚಾರಿಸಿ, ಅಲ್ಲಿನ ನಂಬರನ್ನು ಅಪ್ಪಾಜಿಯ ಮೊಬೈಲಿಗೂ ಹಾಕಿಡಿ.